ಖಾಲಿ ಕೋಣೆಗೆ ಬಂದ ಐವತ್ತೆರಡು

ಮಂಗಳವಾರ ಬೆಳಿಗ್ಗೆ ಒಂಬತ್ತೂಕಾಲಿಗೆ 'ಗಡಿಯಾರ' ನಮ್ಮ ಕೋಣೆಯ ಬಾಗಿಲು ತಳ್ಳಿಕೊಂಡು ಬಂದ. ಕೈಯಲ್ಲಿದ್ದ ಕಾಗದದ ಕಟ್ಟನ್ನು ಅತ್ತಿಗೆಯ ಮೇಜಿನ ಮೇಲೆ ಧೊಪ್ಪನೆ ಹಾಕಿ, ಎದುರಿನ ಕುರ್ಚಿಯಲ್ಲಿ ಕುಸಿದು ಕುಳಿತ.

"ಒಂಬತ್ತನೇದೂ ಸತ್ತೋಯ್ತು, ಮೇಡಂ. ಶುಕ್ರವಾರ ನಾಲ್ಕು ಗಂಟೆಗೆ ನನ್ನ ಮೂರು ವರ್ಷದ ಕೆಲಸ ಕಿತ್ತು ಬಿಸಾಕ್ತಾರಂತೆ. ಯಜಮಾನರು ನಿನ್ನೆ ಸಂಜೆ ಹೇಳಿದ್ರು."

ಗಾಬರಿಯಾಗಬೇಡಿ, ಸತ್ತದ್ದು ಮನುಷ್ಯರಲ್ಲ, ಪೆಟ್ಟಿಗೆಗಳು. ನಮ್ಮ ಕಾರ್ಖಾನೆಯಲ್ಲಿ ಆಸ್ಪತ್ರೆಯ ಹಾಸಿಗೆಯ ಪಕ್ಕ ಇಡುವ ಯಂತ್ರ ತಯಾರಾಗುತ್ತದೆ. ರೋಗಿಯ ಬೆರಳಿಗೆ ಕ್ಲಿಪ್ ಸಿಕ್ಕಿಸಿದರೆ ಅದು ನಾಡಿ ಎಣಿಸಿ ತೋರಿಸುತ್ತದೆ, ಹೆಚ್ಚುಕಮ್ಮಿಯಾದರೆ ಕೂಗಿಕೊಳ್ಳುತ್ತದೆ. ಒಳಗಿನ ಎಲ್ಲ ಕೆಲಸಗಳನ್ನೂ ಸಂಭಾಳಿಸುವ ಮೂಲ ತಂತ್ರಾಂಶಕ್ಕೆ ಕರ್ನಲ್ ಎನ್ನುತ್ತಾರೆ. ಮೆಮೊರಿಯಲ್ಲಿ ಯಾರಿಗೆ ಎಷ್ಟು ಜಾಗ, ಒಬ್ಬರು ಬಿಟ್ಟ ಜಾಗ ಇನ್ನು ಯಾರಿಗೆ ಎಂದು ಹಂಚುವುದೂ ಅದರ ಕೆಲಸವೇ. ಒಂದು ತಿಂಗಳಿಂದ ಈ ಕರ್ನಲ್ ಇದ್ದಕ್ಕಿದ್ದಂತೆ ಕುಸಿದು ಬೀಳುತ್ತಿತ್ತು.

ಅದರಲ್ಲಿ ಸಮಯ ನೋಡಿಕೊಳ್ಳುವ ಭಾಗವನ್ನು ಹೊಸದಾಗಿ ಬರೆದವನು ಈತ, ಅದಕ್ಕೇ ಗಡಿಯಾರ ಎಂಬ ಅಡ್ಡಹೆಸರು. ಊಟಕ್ಕೆ, ಬಸ್ಸಿಗೆ, ತನ್ನ ಮದುವೆಯ ಫೋಟೋಗೂ ತಡವಾಗಿ ಹೋದ ಮನುಷ್ಯ. ಆದರೆ ಹಳೆಯ ಯಂತ್ರದಲ್ಲಿ ಮೂರು ನಾಲ್ಕು ಸೆಕೆಂಡು ತಡವಾಗಿ ಬರುತ್ತಿದ್ದ ಎಚ್ಚರಿಕೆಯ ಕೂಗು ಅವನ ಕೋಡ್ ಬಂದ ಮೇಲೆ ಕಣ್ಣು ಮಿಟುಕಿಸುವುದರೊಳಗೆ ಬರುತ್ತಿತ್ತು. ಉಸಿರು ಸಿಕ್ಕಿಕೊಂಡವರಿಗೆ ಆ ನಾಲ್ಕು ಸೆಕೆಂಡು ಎಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಅತ್ತಿಗೆ ಎಂದರೆ ನನ್ನ ಅಣ್ಣನ ಹೆಂಡತಿ. ಇಪ್ಪತ್ತೆಂಟು ವರ್ಷದಿಂದ ಕುಸಿದು ಬಿದ್ದ ಕರ್ನಲ್‌ಗಳ ಶವಪರೀಕ್ಷೆಯೇ ಆಕೆಯ ಕಸುಬು. ಪರದೆಯ ಮೇಲೆ ಓದುವುದಿಲ್ಲ. ಸಾಯುವ ಹೊತ್ತಿನ ಮೆಮೊರಿಯನ್ನೆಲ್ಲ ಕಾಗದದಲ್ಲಿ ಅಚ್ಚು ಹಾಕಿಸಿ, ತುರುಬಿನಿಂದ ಕೆಂಪು ಪೆನ್ಸಿಲ್ ಕಿತ್ತುಕೊಂಡು ಕೂರುತ್ತಾರೆ. ನಾನು ಅದೇ ಕೋಣೆಯ ಇನ್ನೊಂದು ಮೇಜಿನವನು, ಯಂತ್ರದ ಕೈಪಿಡಿ ಬರೆಯುವವನು. ಕಾರ್ಖಾನೆಯಲ್ಲಿ ನನ್ನನ್ನು 'ಕೈಪಿಡಿ' ಎಂದೇ ಕರೆಯುತ್ತಾರೆ. ನನಗೇನೂ ಬೇಜಾರಿಲ್ಲ, ಇದಕ್ಕಿಂತ ಕೆಟ್ಟ ಹೆಸರಿನವರು ಅಲ್ಲಿ ಬೇಕಾದಷ್ಟಿದ್ದಾರೆ.

"ಅಳೋದು ಆಮೇಲೆ ಇಟ್ಕೋ," ಎಂದರು ಅತ್ತಿಗೆ. "ಒಂಬತ್ತೂ ನಿನ್ನ ಕೋಡಲ್ಲೇ ಸತ್ವಾ?"

"ಆರು ನನ್ನದರಲ್ಲಿ. ಎರಡು ಪರದೆ ಬರೆಯೋ ಭಾಗದಲ್ಲಿ, ಒಂದು ನೆಟ್‌ವರ್ಕಲ್ಲಿ. ನನ್ನ ಕೋಡ್ ಮೆಮೊರೀಲಿ ಬರೆದಿಟ್ಟ ಚೀಟಿ ಮೇಲೆ ಯಾರೋ ಬಂದು ಗೀಚಿ ಹೋಗಿರ್ತಾರೆ. ಕರ್ನಲ್ ಅದನ್ನ ಓದೋಕೆ ಹೋಗಿ ಮುಗ್ಗರಿಸತ್ತೆ. ಗೀಚಿದ್ದು ಯಾವಾಗ, ಬಿದ್ದಿದ್ದು ಯಾವಾಗ, ಒಂದಕ್ಕೊಂದು ಸಂಬಂಧ ಇಲ್ಲ. ಹತ್ತು ನಿಮಿಷ ಆದ್ಮೇಲೂ ಬೀಳಬಹುದು, ಎರಡು ಗಂಟೆ ಆದ್ಮೇಲೂ ಬೀಳಬಹುದು."

"ಕಾವಲು ತಂತ್ರಾಂಶ ಹಾಕಿ ನೋಡಿದ್ರಾ? ಯಾರು ಎಲ್ಲಿ ಬರೀತಾರೆ ಅಂತ ನೋಡೋದು?"

"ಹಾಕಿದ್ರೆ ಒಂದೂ ಸಾಯಲ್ಲ. ಅದು ಯಾರ ಹೆಸರೂ ಹೇಳಲ್ಲ. ತೆಗೆದ್ರೆ ಮತ್ತೆ ಶುರು."

ಅಷ್ಟರಲ್ಲಿ ಯಜಮಾನರೇ ಬಾಗಿಲಲ್ಲಿ ಕಾಣಿಸಿಕೊಂಡರು. ದೊಡ್ಡ ಮೈ, ದೊಡ್ಡ ದನಿ, ಮನಸ್ಸೂ ದೊಡ್ಡದೇ, ಆದರೆ ಹಟ ಅದಕ್ಕಿಂತ ಒಂದು ಗೇಣು ಹೆಚ್ಚು. ಕಾರ್ಖಾನೆ ಕಟ್ಟಿದವರು ಅವರು. ಬೆರಳಿನ ಕ್ಲಿಪ್‌ನಿಂದ ನಾಡಿ ಓದುವ ಭಾಗವನ್ನು ಬರೆದವರೂ ಅವರೇ.

"ಮೇಡಂ, ಇವನ ಮಾತು ಕೇಳಿ ಟೈಮ್ ಹಾಳು ಮಾಡ್ಕೋಬೇಡಿ. ಇವನ ಕೋಡ್ ಬರೋಕೆ ಮುಂಚೆ ಒಂದು ಪೆಟ್ಟಿಗೇನೂ ಸತ್ತಿರಲಿಲ್ಲ. ಹೋದ ವಾರದ ಹಿಂದಿನ ವಾರ ಇವನೇ ಏನೋ ಸರಿ ಮಾಡ್ದ, ಇಡೀ ವಾರ ಒಂದೂ ಸಾಯಲಿಲ್ಲ, ಸ್ವೀಟ್ ಬೇರೆ ಹಂಚ್ದ. ಆಮೇಲೆ ಇನ್ನೇನೋ ತಿದ್ದಿದ, ಮತ್ತೆ ಸಾಯೋಕೆ ಶುರು. ಇನ್ನೇನು ಬೇಕು ಸಾಕ್ಷಿ? ನನ್ನ ಫೈಲ್ ನೋಡಿ, ಹನ್ನೊಂದು ವರ್ಷದಿಂದ ಒಂದಕ್ಷರ ಬದಲಾಗಿಲ್ಲ."

ಆ ಸ್ವೀಟ್ ವಿಷಯ ಎತ್ತಿದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಆ ವಾರ ಪೂರ್ತಿ ನಾನು ತಂಗಿಯ ಮಗಳ ಮದುವೆಗೆಂದು ರಜೆ ಹಾಕಿದ್ದೆ. ಎರಡು ಡಬ್ಬಿ ಹಂಚಿದರಂತೆ, ನನಗೆಂದು ಒಂದು ತುಂಡನ್ನೂ ಯಾರೂ ಎತ್ತಿಡಲಿಲ್ಲ.

"ಶುಕ್ರವಾರ ನಾಲ್ಕು ಗಂಟೆವರೆಗೆ ಟೈಮ್ ಇದೆ ತಾನೇ?" ಎಂದರು ಅತ್ತಿಗೆ.

"ಇದೆ. ಸೋಮವಾರ ನಲವತ್ತು ಪೆಟ್ಟಿಗೆ ಆಸ್ಪತ್ರೆಗೆ ಹೋಗಬೇಕು. ಅದಕ್ಕೆ ಮುಂಚೆ ಹಳೇ ಕೋಡ್ ವಾಪಸ್."

ಯಜಮಾನರು ಹೋದರು. ಗಡಿಯಾರ ತನ್ನ ಬೂಟಿನ ತುದಿ ನೋಡುತ್ತಾ ಕುಳಿತಿದ್ದ. ಅತ್ತಿಗೆ ಮಾತ್ರ ಆಗಲೇ ಪೆನ್ಸಿಲ್ ಹಿಡಿದು ಒಂಬತ್ತು ಕಾಗದದ ಕಟ್ಟುಗಳನ್ನು ಸಾಲಾಗಿ ಹರಡುತ್ತಿದ್ದರು.

ಹನ್ನೊಂದಕ್ಕೆ ಚಹಾದ ಗಂಟೆ ಹೊಡೆಯುವ ಹೊತ್ತಿಗೆ ನಾನು ಬಳಕೆ ಕೋಣೆಯಲ್ಲಿದ್ದೆ, ಎಂದರೆ ಯಂತ್ರಗಳನ್ನು ಆಸ್ಪತ್ರೆಯಲ್ಲಿ ಬಳಸುವಂತೆಯೇ ಬಳಸಿ ನೋಡುವ ಕೋಣೆಯಲ್ಲಿ. ಅಲ್ಲಿ ಹನ್ನೆರಡು ಪೆಟ್ಟಿಗೆಗಳು ಬೆಳಿಗ್ಗೆ ಎಂಟರಿಂದ ಓಡುತ್ತಿರುತ್ತವೆ. ಒಂದಾದ ಮೇಲೊಂದರಂತೆ ಅವುಗಳಿಗೆ ಜೀವಂತ ಮನುಷ್ಯನ ನಾಡಿ ಬೇಕು, ಆ ಮನುಷ್ಯ ನಾನು. ಒಂದು ಕೈಯ ಬೆರಳಿಗೆ ಕ್ಲಿಪ್, ಇನ್ನೊಂದು ಕೈಯಲ್ಲಿ ಕೈಪಿಡಿಯ ತಿದ್ದುಪಡಿ. ಇಂಥ ಸುಖದ ಕೆಲಸ ಇನ್ನೆಲ್ಲಿ ಸಿಗಬೇಕು? ಮೂವತ್ತು ವರ್ಷದಿಂದ ದಿನಾ ಈಜುವ ನನ್ನ ಎದೆಯೂ ನನ್ನಂತೆಯೇ ನಿಧಾನವಾಗಿ, ಮೈಮುರಿಯದೆ ಕೆಲಸ ಮಾಡುತ್ತದೆಂದು ಅತ್ತಿಗೆ ರೇಗಿಸುವುದುಂಟು.

ಚಹಾದ ವಿಷಯಕ್ಕೆ ಮಾತ್ರ ನಾನು ನಿಧಾನಿಯಲ್ಲ. ನಮ್ಮಲ್ಲೊಂದು ಕಟ್ಟುನಿಟ್ಟಾದ ಪದ್ಧತಿಯಿದೆ: ಗಂಟೆ ಹೊಡೆದ ಮೇಲೆ ಚಹಾದ ಗಾಡಿಯ ಹತ್ತಿರ ಕೊನೆಗೆ ಬಂದವರು ಎಲ್ಲರ ಲೋಟ ತೊಳೆಯಬೇಕು. ಮೂವತ್ತಾರು ಲೋಟ. ಯಜಮಾನರಿಗೂ ವಿನಾಯಿತಿಯಿಲ್ಲ. ನಾನು ಈ ವರ್ಷ ಸಿಕ್ಕಿಬಿದ್ದದ್ದು ಎರಡೇ ಸಲ. ಆ ದಿನವೂ ಎರಡನೆಯವನಾಗಿ ತಲುಪಿ, ಹೆಮ್ಮೆಯಿಂದ ಲೋಟ ಎತ್ತಿಕೊಂಡೆ.

"ನಾಯಿ ಹಗ್ಗ ಬಿಚ್ಕೊಂಡು ಬಂದ ಹಾಗಿದೆ," ಎಂದರು ಅತ್ತಿಗೆ, ನನ್ನ ಹೆಗಲ ಮೇಲಿಂದ ಜೋತಾಡುತ್ತಿದ್ದ ತಂತಿಯನ್ನು ನೋಡಿ. ಕ್ಲಿಪ್ ಇನ್ನೂ ಬೆರಳಲ್ಲೇ ಇತ್ತು.

"ಅದು ಗಟ್ಟಿ ಇದೆ ಅತ್ತಿಗೆ, ಬಿಡಿಸೋಕೆ ಎರಡು ಕೈ ಬೇಕು. ಗಂಟೆ ಹೊಡೆದಾಗ ಅಷ್ಟೆಲ್ಲ ಟೈಮ್ ಎಲ್ಲಿರತ್ತೆ?"

ಆಕೆ ನಕ್ಕು, ಪರೀಕ್ಷೆ ಅಕ್ಕನ ಕಡೆ ತಿರುಗಿದರು. ಪರೀಕ್ಷೆ ಅಕ್ಕ ಎಂದರೆ ಯಂತ್ರಗಳನ್ನು ಪರೀಕ್ಷಿಸುವ ವಿಭಾಗದವರು. ಪೆನ್ನಿನ ಮುಚ್ಚಳವನ್ನೂ ಎರಡು ಸಲ ಒತ್ತಿ ನೋಡುವ ಹೆಂಗಸು.

"ನಿಮ್ಮ ಮೇಜಲ್ಲಿ ಒಂದೂ ಸಾಯಲಿಲ್ವಾ?"

"ಒಂದೂ ಇಲ್ಲ. ಇಪ್ಪತ್ತು ದಿನ, ನಲವತ್ತು ಪೆಟ್ಟಿಗೆ. ಇಡೀ ದಿನ ಆ ನಾಡಿ ಬಡಿಯೋ ರಬ್ಬರ್ ಬೆರಳು ಹಾಕಿ, ತೆಗೆದು, ಹಾಕಿ, ತೆಗೆದು ಮಾಡ್ಸಿದೀನಿ. ಗೋಡೆ ಮೇಲೆ ಬರೆದಿದೆಯಲ್ಲ, ಅದೇ ಪ್ರಕಾರ, ಒಂದು ಹೆಜ್ಜೆ ತಪ್ಪದೆ. ಸತ್ತಿದ್ದೆಲ್ಲ ಬಳಕೆ ಕೋಣೇಲೇ. ಅದೂ ನೋಡಿ, ಬೆಳಿಗ್ಗೆ ಎಂಟಕ್ಕೆ ಶುರು ಮಾಡ್ತೀವಿ, ಹನ್ನೊಂದರ ಒಳಗೆ ಯಾವತ್ತೂ ಸತ್ತಿಲ್ಲ."

ಗೋಡೆಯ ಮೇಲೆ ಬರೆದದ್ದು ನನ್ನ ಕೈಪಿಡಿಯ ವಾಕ್ಯ: 'ಮೊದಲು ನಿಲ್ಲಿಸು ಗುಂಡಿ ಒತ್ತಿ, ಆಮೇಲೆ ತಂತಿ ತೆಗೆಯಿರಿ.' ಯಜಮಾನರಿಗೆ ಅದು ಎಷ್ಟು ಹಿಡಿಸಿತೆಂದರೆ ಪ್ರತಿ ಕೋಣೆಯಲ್ಲೂ ಮೊಳದುದ್ದದ ಅಕ್ಷರದಲ್ಲಿ ಬರೆಸಿದರು. ಅದರ ಕೆಳಗೆ ನನ್ನ ಹೆಸರಿಲ್ಲ ಎಂಬುದೊಂದೇ ಕೊರತೆ.

ಮಧ್ಯಾಹ್ನ ಅತ್ತಿಗೆ ಕೆಂಪು ಪೆನ್ಸಿಲಿನಿಂದ ಗುರುತು ಮಾಡಿದ್ದನ್ನು ನನಗೆ ತೋರಿಸಿದರು. ಒಂಬತ್ತು ಶವಗಳಲ್ಲೂ ಒಂದೇ ಕಡೆ, ಗೀಚಿದ ಜಾಗದ ಮೊದಲ ನಾಲ್ಕು ಬೈಟಿನಲ್ಲಿ, ಒಂದು ಸಣ್ಣ ಸಂಖ್ಯೆ ಕುಳಿತಿತ್ತು. ಐವತ್ತೆರಡು, ಐವತ್ತೊಂದು, ಐವತ್ತನಾಲ್ಕು, ಮತ್ತೆ ಐವತ್ತೆರಡು.

"ಕಸ ಇರಬೇಕು," ಎಂದೆ ನಾನು, ತಜ್ಞನಂತೆ.

"ಕಸ ಅಂದ್ರೆ ಚೆಲ್ಲಾಪಿಲ್ಲಿ ಇರತ್ತಪ್ಪ. ಇದು ಒಂದೇ ಮನೆಯವರ ಥರ ಇದೆ. ಯಾರೋ ಏನನ್ನೋ ಎಣಿಸಿ ಬರೆದಿದಾರೆ."

ಬುಧವಾರ ಚಹಾ ಕುಡಿಯುವಾಗ ಆಕೆ ಇದ್ದಕ್ಕಿದ್ದಂತೆ ನನ್ನ ಮಣಿಕಟ್ಟು ಹಿಡಿದು, ಗೋಡೆಯ ಗಡಿಯಾರ ನೋಡುತ್ತಾ ಒಂದು ನಿಮಿಷ ಸುಮ್ಮನೆ ನಿಂತರು. "ಮದುವೆ ಮನೇಲಿ ಚೆನ್ನಾಗಿ ಊಟ ಮಾಡಿದ್ಯಾ?" ಎಂದು ಕೇಳಿ ಕೈ ಬಿಟ್ಟರು. ಅತ್ತಿಗೆಗೆ ನನ್ನ ಆರೋಗ್ಯದ ಮೇಲೆ ಎಷ್ಟು ಕಾಳಜಿ ಎಂದು ನನಗೆ ಕಣ್ಣು ತುಂಬಿ ಬಂತು. ಆ ಮೇಲೆ ಇಡೀ ಮಧ್ಯಾಹ್ನ ಅವರು ಪರೀಕ್ಷೆ ಅಕ್ಕನ ಜೊತೆ ಬಾಗಿಲು ಹಾಕಿಕೊಂಡು ಏನೋ ಮಾಡಿದರು. ಗುರುವಾರವೂ ಹಾಗೆಯೇ ಕಳೆಯಿತು. ಗಡಿಯಾರ ಹತ್ತು ಸಲ ಬಂದು ಬಾಗಿಲ ಹೊರಗೆ ನಿಂತು ಹೋದ. ಎರಡು ದಿನದಲ್ಲಿ ಅವನ ಮುಖ ಬತ್ತಿಹೋಗಿತ್ತು, ಮಾತಾಡಿಸಿದರೆ ಬರೀ ತಲೆಯಾಡಿಸುತ್ತಿದ್ದ.

ಶುಕ್ರವಾರ ಹನ್ನೆರಡಕ್ಕೆ ಅತ್ತಿಗೆ ಎಲ್ಲರನ್ನೂ ಬಳಕೆ ಕೋಣೆಗೆ ಕರೆದರು. ಯಜಮಾನರು ಮುಂದಿನ ಕುರ್ಚಿಯಲ್ಲಿ ಕೈಕಟ್ಟಿ ಕುಳಿತರು. ಗಡಿಯಾರ ಕಿಟಕಿಯ ಹತ್ತಿರ ನಿಂತಿದ್ದ. ಪರೀಕ್ಷೆ ಅಕ್ಕ ಒಂದೇ ಒಂದು ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು, ಅದರ ತಂತಿಯನ್ನು ಎರಡು ಸಲ ಒತ್ತಿ ನೋಡಿದರು.

"ಸರ್, ಬೆರಳು ಕೊಡಿ," ಎಂದರು ಅತ್ತಿಗೆ ಯಜಮಾನರಿಗೆ.

"ನಂದ್ಯಾಕೆ?"

"ಕೊಡಿ, ಹೇಳ್ತೀನಿ. ಈ ಪೆಟ್ಟಿಗೇಲಿ ಗಡಿಯಾರನ ಕೋಡ್ ಇಲ್ಲ. ನೀವು ವಾಪಸ್ ಹಾಕ್ಬೇಕು ಅಂತಿದೀರಲ್ಲ, ಅದೇ ಹಳೇ ಕೋಡ್ ಇದೆ. ಅಕ್ಕ ನಿಮ್ಮೆದುರೇ ತೋರಿಸ್ತಾರೆ."

ಪರೀಕ್ಷೆ ಅಕ್ಕ ತೋರಿಸಿದರು. ಯಜಮಾನರು ಕನ್ನಡಕ ಹಾಕಿಕೊಂಡು ನೋಡಿ, ಹೌದೆಂದು ಒಪ್ಪಿ, ಬೆರಳು ಕೊಟ್ಟರು.

"ಈಗ ಚಹಾದ ಗಂಟೆ ಹೊಡೀತು ಅಂದ್ಕೊಳ್ಳಿ. ಲೋಟ ತೊಳೆಯೋಕೆ ಇಷ್ಟ ಇಲ್ಲ. ತಂತಿ ಎಳೀರಿ."

"ನಿಲ್ಲಿಸು ಒತ್ತಬೇಕಲ್ಲ?"

"ಒತ್ತಬೇಡಿ. ಹಾಗೇ ಕೀಳಿ."

ಯಜಮಾನರು ಕಿತ್ತರು. ಏನೂ ಆಗಲಿಲ್ಲ. ಮತ್ತೆ ಸಿಕ್ಕಿಸಿ ಮತ್ತೆ ಕಿತ್ತರು. ಆರನೆಯ ಸಲ ಕಿತ್ತಾಗ ಪೆಟ್ಟಿಗೆ ಟಿಣ್ ಎಂದಿತು, ಪಕ್ಕದ ಪರದೆಯ ಮೇಲೆ ಎರಡು ಸಾಲು ಮೂಡಿದವು. ಪರೀಕ್ಷೆ ಅಕ್ಕ ಗಟ್ಟಿಯಾಗಿ ಓದಿದರು: "ಖಾಲಿ ಜಾಗದಲ್ಲಿ ಯಾರೋ ಬರೆದಿದ್ದಾರೆ. ಬರೆದ ಸಂಖ್ಯೆ ತೊಂಬತ್ತೊಂದು. ಕೊನೆಯದಾಗಿ ಇದ್ದವರು, ನಾಡಿ ಓದುವ ಭಾಗ."

"ತೊಂಬತ್ತೊಂದು ಅಂದ್ರೆ ಏನು?" ಎಂದರು ಯಜಮಾನರು.

"ನಿಮ್ಮ ನಾಡಿ, ಸರ್. ಸ್ವಲ್ಪ ಜಾಸ್ತಿ ಇದೆ, ಕೋಪ ಕಮ್ಮಿ ಮಾಡ್ಕೊಳ್ಳಿ."

ಕೋಣೆಯಲ್ಲಿ ಯಾರೋ ಕಿಸಕ್ಕೆಂದರು. ಯಜಮಾನರು ಪರದೆಯನ್ನೇ ನೋಡುತ್ತಿದ್ದರು. ಅತ್ತಿಗೆ ತುರುಬಿನಿಂದ ಪೆನ್ಸಿಲ್ ತೆಗೆದು ಹೇಳತೊಡಗಿದರು.

"ಮೆಮೊರಿ ಅಂದ್ರೆ ಬಾಡಿಗೆ ಕೋಣೆಗಳ ಸಾಲು ಅಂದ್ಕೊಳ್ಳಿ. ಕ್ಲಿಪ್‌ನಿಂದ ಬಂದ ನಾಡಿ ಎಣಿಸೋ ಚಿಪ್ಪಿಗೆ ಒಂದು ಕೋಣೆ ಕೊಟ್ಟಿರ್ತೀವಿ. ಅದು ನಾಡಿ ಎಣಿಸಿ, ಕರ್ನಲ್‌ಗೆ ಹೇಳದೇನೇ ಹಿಂಬಾಗಿಲಿಂದ ನೇರವಾಗಿ ಆ ಕೋಣೇಲಿ ಸಂಖ್ಯೆ ಇಟ್ಟು ಹೋಗತ್ತೆ. ತಂತಿ ಕಿತ್ತಾಗ ಆ ಕೋಣೆ ಖಾಲಿ ಅಂತ ಬೇರೆಯವರಿಗೆ ಕೊಟ್ಟುಬಿಡ್ತೀವಿ. ಆದ್ರೆ ಪೆಟ್ಟಿಗೆ ಒಳಗೆ ಎಣಿಸೋ ಚಿಪ್ ಇದೆಯಲ್ಲ, ಅದಕ್ಕೆ ಇನ್ನೂ ಯಾರೂ ನಿಲ್ಲು ಅಂದಿರಲ್ಲ. ಅದು ಕೈಲಿದ್ದ ಕೊನೇ ಎಣಿಕೆ ಮುಗಿಸಿ, ಹಳೇ ಅಭ್ಯಾಸದ ಮೇಲೆ ಅದೇ ಕೋಣೆಗೆ ಹೋಗಿ ಇಟ್ಟು ಬರತ್ತೆ. ಅಷ್ಟೊತ್ತಿಗೆ ಅಲ್ಲಿ ಹೊಸಬರು ಸಂಸಾರ ಹೂಡಿರ್ತಾರೆ."

"ಕಾವಲು ತಂತ್ರಾಂಶ ಯಾಕೆ ಹಿಡೀಲಿಲ್ಲ?" ಎಂದು ಕೇಳಿದ ಗಡಿಯಾರ. ಮೂರು ದಿನದಲ್ಲಿ ಅವನಾಡಿದ ಮೊದಲ ಪೂರ್ತಿ ವಾಕ್ಯ ಅದು.

"ಅದು ಮುಂಬಾಗಿಲು ಮಾತ್ರ ಕಾಯತ್ತೆ. ಕರ್ನಲ್ ಬರೆದಿದ್ದು ಅದಕ್ಕೆ ಕಾಣತ್ತೆ, ಚಿಪ್ ಬರೆದಿದ್ದು ಕಾಣಲ್ಲ. ಅದೂ ಅಲ್ಲದೆ, ಅದು ಇದ್ದಾಗ ಖಾಲಿಯಾದ ಕೋಣೆಗೆ ಸುಮಾರು ಹೊತ್ತು ಬೀಗ ಹಾಕಿಟ್ಟಿರತ್ತೆ. ಆ ಸಂಖ್ಯೆ ಬಂದು ಬರೀ ನೆಲದ ಮೇಲೆ ಬೀಳತ್ತೆ, ಯಾರಿಗೂ ಪೆಟ್ಟಾಗಲ್ಲ. ಅದಕ್ಕೇ ನಾವು ಬೇರೆ ಉಪಾಯ ಮಾಡಿದ್ವಿ. ಖಾಲಿಯಾದ ಕೋಣೆಗೆಲ್ಲ ಸುಣ್ಣ ಬಳಿದು, ಇನ್ನೊಬ್ಬರಿಗೆ ಕೊಡೋ ಮುಂಚೆ ಸುಣ್ಣದ ಮೇಲೆ ಗೀಚಿದೆಯಾ ಅಂತ ನೋಡಿದ್ವಿ."

"ನನ್ನ ಫೈಲ್ ಹನ್ನೊಂದು ವರ್ಷದಿಂದ ಹಾಗೇ ಇದೆ," ಎಂದರು ಯಜಮಾನರು, ದನಿ ತಗ್ಗಿಸಿ. "ಆಗೆಲ್ಲ ಯಾಕೆ ಸಾಯಲಿಲ್ಲ?"

"ಗೀಚಾಟ ಆಗಲೂ ನಡೀತಿತ್ತು, ಈಗ ನೀವೇ ನೋಡಿದ್ರಲ್ಲ. ಆದ್ರೆ ನಿಮ್ಮ ಕೋಣೆ ಅರವತ್ತನಾಲ್ಕು ಬೈಟಿಂದು. ಹಳೇ ಗಡಿಯಾರ ಕೋಡಿಗೆ ಅದರಿಂದ ಏನೂ ಉಪಯೋಗ ಇರಲಿಲ್ಲ, ಅದರ ಚೀಟಿಗಳು ದೊಡ್ಡವು. ಕೋಣೆ ಹೆಚ್ಚಾಗಿ ಖಾಲೀನೇ ಬಿದ್ದಿರ್ತಿತ್ತು. ಇವನು ಅಚ್ಚುಕಟ್ಟಾಗಿ ಸಣ್ಣ ಚೀಟಿ ಮಾಡ್ದ, ಸರಿಯಾಗಿ ಅರವತ್ತನಾಲ್ಕು ಬೈಟು. ಆವತ್ತಿಂದ ಆ ಸಾಲಲ್ಲಿ ನೂಕುನುಗ್ಗಲು, ನೀವು ಬಿಟ್ಟ ಕೋಣೆ ತಕ್ಷಣ ಬಾಡಿಗೆಗೆ ಹೋಗತ್ತೆ. ಒಂಬತ್ತರಲ್ಲಿ ಆರು ಸಲ ಇವನಿಗೇ ಸಿಕ್ಕಿದೆ, ಮೂರು ಸಲ ಬೇರೆಯವರಿಗೆ. ಇವನು ಕಳ್ಳ ಅಲ್ಲ ಸರ್, ಕಳ್ಳತನ ಆದ ಮನೆಯವನು."

ಗಡಿಯಾರ ಕಿಟಕಿಯ ಸರಳು ಹಿಡಿದುಕೊಂಡ.

"ಹಾಗಾದ್ರೆ ಅಕ್ಕನ ಮೇಜಲ್ಲಿ ಯಾಕೆ ಆಗ್ಲಿಲ್ಲ? ಆ ಒಂದು ವಾರ ಯಾಕೆ ಆಗ್ಲಿಲ್ಲ?" ಎಂದರು ಯಜಮಾನರು.

"ಅಕ್ಕ ಗೋಡೆ ಮೇಲಿರೋದನ್ನ ಓದಿ ಪಾಲಿಸ್ತಾರೆ. ನಿಲ್ಲಿಸು ಒತ್ತಿದ್ರೆ ಚಿಪ್ ಮೊದಲೇ ನಿಂತುಬಿಡತ್ತೆ. ಹನ್ನೊಂದರ ತನಕ ಯಾರೂ ಸಾಯಲ್ಲ, ಯಾಕಂದ್ರೆ ಹನ್ನೊಂದಕ್ಕೆ ಚಹಾದ ಗಂಟೆ. ಆ ವಾರ ಇಲ್ಲಿ ರಬ್ಬರ್ ಬೆರಳು ಕೂತಿತ್ತು, ಅದು ಚಹಾ ಕುಡಿಯಲ್ಲ. ತಂಗಿ ಮಗಳ ಮದುವೆಗೆ ಹೋದವರು ಯಾರು?"

ಮೂವತ್ತೈದು ಜೋಡಿ ಕಣ್ಣು ನನ್ನ ಕಡೆ ತಿರುಗಿದವು. ನಾನು ಹಿಂದೆ ತಿರುಗಿ ನೋಡಿದೆ, ಅಲ್ಲಿ ಗೋಡೆ ಬಿಟ್ಟು ಯಾರೂ ಇರಲಿಲ್ಲ.

"ರಬ್ಬರ್ ಬೆರಳು ಯಾವಾಗಲೂ ಎಪ್ಪತ್ತೆರಡು ತೋರಿಸತ್ತೆ," ಎಂದರು ಅತ್ತಿಗೆ. "ಸತ್ತ ಪೆಟ್ಟಿಗೇಲೆಲ್ಲ ಐವತ್ತೆರಡು, ಐವತ್ತೊಂದು. ಬುಧವಾರ ನನ್ನ ಮೈದುನನ ಕೈ ಹಿಡಿದು ಎಣಿಸಿದೆ. ಐವತ್ತೆರಡು. ಎರಡು ಕೈಯಲ್ಲಿ ಕ್ಲಿಪ್ ಬಿಡಿಸೋಕೆ ಪುರುಸೊತ್ತಿಲ್ಲ, ಗುಂಡಿ ಒತ್ತೋಕೂ ಇಲ್ಲ. ಪೆಟ್ಟಿಗೆಯಿಂದ ತಂತಿ ಕಿತ್ತು, ಹೆಗಲ ಮೇಲೆ ಹಾಕ್ಕೊಂಡು ಓಡೋದು."

"ಗೋಡೆ ಮೇಲಿರೋ ಆ ವಾಕ್ಯ ನೀವೇ ಬರೆದಿದ್ದಲ್ವಾ, ಕೈಪಿಡಿಯವರೇ?" ಎಂದರು ಪರೀಕ್ಷೆ ಅಕ್ಕ, ತುಂಬಾ ಮೃದುವಾಗಿ.

ಕೋಣೆಯೆಲ್ಲ ಗೊಳ್ಳೆಂದು ನಕ್ಕಿತು. ನನಗೆ ನೆಲ ಬಾಯಿಬಿಡಬಾರದೇ ಎನ್ನಿಸಿತು. ಒಂದು ತಿಂಗಳು ಆ ಬಡಪಾಯಿಯ ನಿದ್ದೆಗೆಡಿಸಿದ ಒಂಬತ್ತು ಸಾವುಗಳ ಮೇಲೂ ನನ್ನದೇ ಎದೆಬಡಿತದ ಗುರುತಿತ್ತು. ನಾನು ಗಡಿಯಾರನ ಹತ್ತಿರ ಹೋಗಿ, "ಕ್ಷಮಿಸಪ್ಪ, ಚಹಾದ ಆಸೆಗೆ ನಿನ್ನ ಹೊಟ್ಟೆ ಮೇಲೆ ಹೊಡೀತಿದ್ದೆ," ಎಂದೆ. ಅವನಿಗೆ ನಗು ತಡೆಯಲಾಗಲಿಲ್ಲ.

"ಇವನ್ನ ಬೈಬೇಡಿ," ಎಂದರು ಅತ್ತಿಗೆ ಎಲ್ಲರ ಕಡೆ ನೋಡಿ. "ಇವನು ಕಿತ್ತಿದ್ದು ಇಲ್ಲಿ ಕಿತ್ತ, ಒಳ್ಳೇದೇ ಆಯ್ತು. ವಾರ್ಡಲ್ಲಿ ರೋಗಿ ನಿದ್ದೇಲಿ ಮಗ್ಗುಲು ತಿರುಗಿದ್ರೆ ತಂತಿ ಕಿತ್ತು ಬರತ್ತೆ, ಅವರು ನಿಲ್ಲಿಸು ಒತ್ತಿ ತಿರುಗ್ತಾರಾ? ಸರ್, ತಂತಿ ಹೋದಾಗ ನಿಮ್ಮ ಕೋಡ್ ಮೊದಲು ಕೋಣೆ ಬಿಟ್ಟುಕೊಡತ್ತೆ, ಆಮೇಲೆ ಚಿಪ್ಪಿಗೆ ನಿಲ್ಲು ಅನ್ನತ್ತೆ. ಗೋಡೆ ಮೇಲೆ ನಮಗೆಲ್ಲ ಬರೆಸಿದ್ದೀರಲ್ಲ, ಅದನ್ನ ನಿಮ್ಮ ಕೋಡಿಗೂ ಓದಿ ಹೇಳಿ. ಎರಡು ಸಾಲು ಹಿಂದುಮುಂದು ಮಾಡಿ, ಚಿಪ್ ನಿಂತೆ ಅನ್ನೋ ತನಕ ಕಾದ್ರೆ ಮುಗೀತು."

ಯಜಮಾನರು ಬೆರಳಿನ ಕ್ಲಿಪ್ ಬಿಡಿಸಲು ಹೆಣಗಾಡಿ, ಕೊನೆಗೆ ಎರಡು ಕೈ ಹಾಕಿ ಬಿಡಿಸಿದರು. ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು.

"ಎಲ್ಲರ ಎದುರು ನಿನ್ನ ಕೋಡ್ ಕಿತ್ತುಹಾಕ್ತೀನಿ ಅಂದಿದ್ದೆ. ಎಲ್ಲರ ಎದುರೇ ಹೇಳ್ತಿದೀನಿ, ತಪ್ಪು ನಂದು. ನಿನ್ನ ಕೆಲಸ ಎಲ್ಲೂ ಹೋಗಲ್ಲ. ಬಾ, ನನ್ನ ಫೈಲ್ ನೀನೇ ಸರಿ ಮಾಡು."

ಗಡಿಯಾರನ ಕಣ್ಣು ತುಂಬಿಕೊಂಡಿತು. ಅವನು ಅದನ್ನು ಮುಚ್ಚಿಡಲು ಹೋಗಲಿಲ್ಲ, ಅಂಗಿಯ ತೋಳಲ್ಲಿ ಒರೆಸಿಕೊಂಡ.

"ಸರ್, ನಾನು ಈ ಕೆಲಸ ಕಲಿತಿದ್ದೇ ನಿಮ್ಮ ಆ ಫೈಲ್ ನೋಡಿ. ಮೊದಲ ಆರು ತಿಂಗಳು ದಿನಾ ಓದ್ತಿದ್ದೆ."

ಯಜಮಾನರ ಹೊಟ್ಟೆ ನಗುವಿನಿಂದ ಕುಲುಕತೊಡಗಿತು. "ಹಾಗಾದ್ರೆ ನಿನ್ನ ಕೋಡನ್ನೂ ಒಂದ್ಸಲ ತೆಗೆದು ನೋಡು," ಎಂದರು. "ನನ್ನ ಹತ್ರ ಒಳ್ಳೇದು ಮಾತ್ರ ಕಲಿತಿರ್ತೀಯಾ?"

ಗಡಿಯಾರ ಕೂತು ತೆಗೆದು ನೋಡಿದ. ನಾವೆಲ್ಲ ಅವನ ಬೆನ್ನ ಹಿಂದೆ ಮುತ್ತಿಕೊಂಡೆವು. ಮುನ್ನೂರು ಚಿಲ್ಲರೆ ಸಾಲು ದಾಟಿದ ಮೇಲೆ ಅವನ ಬೆರಳು ನಿಂತಿತು. ಅಲ್ಲೊಂದು ಮೂಲೆಯಲ್ಲಿ, ಇನ್ನೂ ಯಾರಿಗೂ ಪೆಟ್ಟು ಕೊಡದೆ, ಅದೇ ಎರಡು ಸಾಲು ಅದೇ ತಲೆಕೆಳಗಾದ ಕ್ರಮದಲ್ಲಿ ಕುಳಿತಿದ್ದವು. ಮೊದಲು ನಕ್ಕವನು ಗಡಿಯಾರನೇ. ಯಜಮಾನರು ಅವನ ಬೆನ್ನಿಗೆ ಹೊಡೆದ ಹೊಡೆತಕ್ಕೆ ಅವನ ಹಣೆ ಪರದೆಗೆ ತಾಗುವುದರಲ್ಲಿತ್ತು.

ಆ ಮಧ್ಯಾಹ್ನ ಯಜಮಾನರ ಫೈಲನ್ನು ಗಡಿಯಾರ ತಿದ್ದಿದ, ಗಡಿಯಾರನ ಫೈಲನ್ನು ಯಜಮಾನರು ತಿದ್ದಿದರು. ಒಬ್ಬರದನ್ನು ಒಬ್ಬರು ಓದಿ ಒಪ್ಪಿಗೆ ಹಾಕಿದರು. ಶನಿವಾರ, ಭಾನುವಾರ ಇಡೀ ಕಾರ್ಖಾನೆ ಸರದಿಯ ಮೇಲೆ ಕೂತು ನಾಲ್ಕು ಸಾವಿರ ಸಲ ತಂತಿ ಕಿತ್ತಿತು, ಒಂದು ಪೆಟ್ಟಿಗೆಯೂ ಮುಗ್ಗರಿಸಲಿಲ್ಲ. ಸೋಮವಾರ ಬೆಳಿಗ್ಗೆ ನಲವತ್ತು ಪೆಟ್ಟಿಗೆಗಳು ವ್ಯಾನ್ ಹತ್ತಿದವು. ಗಡಿಯಾರ ಅವತ್ತು ಎಲ್ಲರಿಗಿಂತ ಮುಂಚೆ ಬಂದು ಗೇಟಿನ ಹತ್ತಿರ ನಿಂತಿದ್ದ. ಅವನ ಮೂರು ವರ್ಷದ ಕೆಲಸ ಒಂದಕ್ಷರವೂ ಕಳೆಯದೆ ಅವನ ಮುಂದಿನಿಂದಲೇ ಆಸ್ಪತ್ರೆಗೆ ಹೋಯಿತು.